ಗಿಬ್ಸ್ ಅಥವಾ ಏಚಾನ್: ಉದ್ದದ ಓಟಕ್ಕೆ ಯಾರನ್ನು ನೆಚ್ಚಬೇಕು?

ಫ್ಯಾಂಟಸಿ ಲೀಗ್‌ಗಾಗಿ (ನಿಜವಾದ ಆಟಗಾರರನ್ನು ಸುತ್ತುಸುತ್ತಾಗಿ ಆರಿಸಿ, ಅವರ ಸಾಧನೆಗೆ ತಕ್ಕಂತೆ ಅಂಕ ಗಳಿಸುವ ಆಟ) ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಒಬ್ಬನನ್ನು ಆರಿಸುವವರಿಗೆ, 2023ರ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರ ಆಯ್ಕೆಯಲ್ಲಿ, ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ ಬಂದ ಡೆಟ್ರಾಯಿಟ್ ಲಯನ್ಸ್‌ನ ಜಮೀರ್ ಗಿಬ್ಸ್ ಮತ್ತು ಮಯಾಮಿ ಡಾಲ್ಫಿನ್ಸ್‌ನ ಡೆವಾನ್ ಏಚಾನ್ ನಡುವಿನ ಆಯ್ಕೆ ಸುಲಭವಲ್ಲ. ನಲವತ್ತು ಗಜದ ಓಟಕ್ಕೆ ಏಚಾನ್ 4.32 ಸೆಕೆಂಡ್, ಗಿಬ್ಸ್ 4.36 ಸೆಕೆಂಡ್ ತೆಗೆದುಕೊಂಡಿದ್ದರು. ಈ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಕಣ್ಣಿಗೆ ಹಬ್ಬವೆಂದರೆ ಏಚಾನ್ ಅವರ ಮೊದಲ ಋತು. ಡೆನ್ವರ್ ವಿರುದ್ಧ ಡಾಲ್ಫಿನ್ಸ್ 70-20ರಿಂದ ಗೆದ್ದ ಪಂದ್ಯದಲ್ಲಿ ಅವರು 203 ಗಜ ಓಡಿದರು, ಅದರಲ್ಲಿ 67 ಗಜದ ಒಂದೇ ಓಟವೂ ಸೇರಿತ್ತು. ಚೆಂಡು ಆಟಕ್ಕೆ ಬರುವ ಮೊದಲೇ ಆಟಗಾರರನ್ನು ಅಡ್ಡಡ್ಡ ಓಡಿಸಿ ಎದುರಾಳಿಗಳನ್ನು ಗೊಂದಲಕ್ಕೆ ಕೆಡವುವ ಮಯಾಮಿಯ ತಂತ್ರದಲ್ಲಿ, ಕ್ಷಣಮಾತ್ರ ತೆರೆದುಕೊಳ್ಳುವ ಕಿಂಡಿಯೊಂದೇ ಅವರಿಗೆ ಸಾಕಾಗುತ್ತಿತ್ತು. ಆ ವರ್ಷ 103 ಓಟಗಳಲ್ಲಿ 800 ಗಜ, ಅಂದರೆ ಓಟಕ್ಕೆ ಸರಾಸರಿ 7.8 ಗಜ! ಆದರೆ ಮೊಣಕಾಲಿನ ಗಾಯ ಹಲವು ಪಂದ್ಯಗಳನ್ನು ಕಸಿದುಕೊಂಡಿತು; 2024ರಲ್ಲಿ ಓಟಗಳು 203ಕ್ಕೆ ಏರಿದಾಗ ಸರಾಸರಿ 4.5ಕ್ಕೆ ಇಳಿಯಿತು.

ಗಿಬ್ಸ್ ವಿಷಯದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 2023ರಲ್ಲಿ 182 ಓಟಗಳಿಗೆ 5.2 ಇದ್ದ ಸರಾಸರಿ, ಮರುವರ್ಷ 250 ಓಟಗಳಿಗೆ 5.6 ಆಯಿತು, ತಂಡದ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಡೇವಿಡ್ ಮಾಂಟ್‌ಗೊಮೆರಿ ಜೊತೆ ಕೆಲಸ ಹಂಚಿಕೊಂಡೂ ಅವರು ಒಟ್ಟು 20 ಟಚ್‌ಡೌನ್ (ಎದುರಾಳಿಯ ಕೊನೆಯ ವಲಯಕ್ಕೆ ಚೆಂಡು ಮುಟ್ಟಿಸಿ ಪಡೆಯುವ ಅಂಕ) ಗಳಿಸಿದರು. ಟೆನೆಸ್ಸೀ ವಿರುದ್ಧದ 70 ಗಜದ ಓಟ ಆ ಋತುವಿನದೇ. ಹೊರೆ ಹೆಚ್ಚಿದರೂ ಸಿಡಿಯುವ ಗುಣ ಮಂಕಾಗದಿರುವುದು, ನನ್ನ ಮಟ್ಟಿಗೆ, ಯಾವುದೇ ಒಂದು ಪಂದ್ಯದ ಪವಾಡಕ್ಕಿಂತ ಭಾರವಾದ ಸಾಕ್ಷ್ಯ.

ಹೀಗಾಗಿ ಮೊದಲ ಸುತ್ತಿನಲ್ಲೇ ಅವಕಾಶ ಸಿಕ್ಕರೆ ಗಿಬ್ಸ್ ಅವರನ್ನೇ ಆರಿಸಬಹುದು. ಪ್ರತಿ ಕ್ಯಾಚಿಗೂ ಅಂಕ ಕೊಡುವ ಲೀಗ್ ನಿಮ್ಮದಾಗಿದ್ದರೆ ಮಾತ್ರ, 2024ರಲ್ಲಿ 78 ಕ್ಯಾಚ್ ಹಿಡಿದ ಏಚಾನ್ ಅವರನ್ನು ನಂತರದ ಸುತ್ತಿಗೆ ಕಾಯ್ದಿರಿಸುವುದು ಜಾಣತನ.