ಬೆಳಗಿನ ನಡಿಗೆಯೋ, ರಾತ್ರಿ ಜಿಮ್ಮೋ?
ಕಾರವಾರದ ಟಾಗೋರ್ ಬೀಚಿನಲ್ಲಿ ಬೆಳಗ್ಗೆ ನಡೆಯುತ್ತಿದ್ದ ನಾನು, ಪಾಳಿ ಬದಲಾಯಿತು ಅಂತ ರಾತ್ರಿ 9ಕ್ಕೆ ಜಿಮ್ಮಿಗೆ ಹೋಗತೊಡಗಿದೆ. ನಿದ್ದೆ ಹಾರಿಹೋಯಿತು.

ಜಿಮ್ಮಿನಲ್ಲಿ ಮೈಕಟ್ಟು ಬೇಗ ಬರುತ್ತದೆ, ನಿಜ. ಆದರೆ ಜೋರು ಕಸರತ್ತು ಮುಗಿದ ಮೇಲೂ ಎದೆಬಡಿತ, ಮೈಬಿಸಿ, ಅಡ್ರಿನಲಿನ್ (ಮೈಯನ್ನು ಚುರುಕಾಗಿಡುವ ಹಾರ್ಮೋನು) ಇಳಿಯಲು ಹೊತ್ತು ಬೇಕು, ನಿದ್ದೆ ಬರಬೇಕಾದರೆ ಮೈ ತುಸು ತಣಿಯಬೇಕಲ್ವಾ, ನಮ್ಮ ಕರಾವಳಿ ಸೆಖೆಯಲ್ಲಿ ಅದು ಇನ್ನೂ ಕಷ್ಟ. ಜಿಮ್ಮಿಗೆ ಮೊದಲು ಕಾಫಿ ಬೇರೆ! ಅದರ ಅರ್ಧ ಕೆಫೀನ್ ಸುಮಾರು 5 ಗಂಟೆಯಾದರೂ ಒಳಗೇ ಇರುತ್ತದೆ.

ಬೀಚಿನಲ್ಲಿ ಬೆಳಗಿನ ಬೆಳಕು ದೇಹದ ಗಡಿಯಾರ ಸರಿಮಾಡುತ್ತದೆ, ಖರ್ಚೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಸುಮ್ನೆ ಮರೆತುಬಿಡಿ.

ನಿದ್ದೆ ಸೂಕ್ಷ್ಮವಾಗಿದ್ದರೆ ಬೆಳಗ್ಗೆಯೇ ಆರಿಸಿ. ರಾತ್ರಿಯೇ ಆಗಬೇಕೆಂದರೆ ಮಲಗುವ 2-3 ಗಂಟೆ ಮೊದಲೇ ಭಾರ ಎತ್ತುವುದು ಮುಗಿಸಿ.