ಬಾಟಲಿ, ಪೆನ್ನು, ವಾರದ ಸೂಜಿ: ಹುಳ ಮೇಯಿಸುವವರಿಗೆ ಯಾವುದು ಒಗ್ಗೀತು?

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಮೇಯಿಸುವವರಿಗೆ ಊಟದ ಹೊತ್ತು ಅಂತ ಒಂದಿರುವುದಿಲ್ಲ. ನಾಲ್ಕನೇ ಜ್ವರದಿಂದ (ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಚಂದ್ರಂಕಿಗೆ (ಗೂಡು ಕಟ್ಟಿಸುವ ತಟ್ಟಿ) ಬಿಡುವ ದಿನವಂತೂ ಮುದ್ದೆ ತಟ್ಟೆಯಲ್ಲೇ ಆರಿ ಗಟ್ಟಿಯಾಗಿರುತ್ತದೆ. ಸಕ್ಕರೆ ಕಾಯಿಲೆಗೆ ಮೂರು ಬಗೆಯ ಇಂಜೆಕ್ಷನ್ ತಗೊಂಡವನು ನಾನು. ಮೂರನ್ನೂ ತೂಗುವುದು ಈ ಊಟದ ಲೆಕ್ಕದಲ್ಲೇ.

ಮೊದಲನೆಯದು ಬಾಟಲಿಯ 30/70 ಇನ್ಸುಲಿನ್: 30 ಪಾಲು ಬೇಗ, 70 ಪಾಲು ನಿಧಾನವಾಗಿ ಕೆಲಸ ಮಾಡುವ ಬೆರಕೆ. ಬೆಳಿಗ್ಗೆ, ರಾತ್ರಿ, ಊಟಕ್ಕೆ ಅರ್ಧ ಗಂಟೆ ಮುಂಚೆ. ಶುಗರ್ ಮಿತಿಮೀರಿದ್ದಾಗ ಇಳಿಸಿದ್ದು ಇದೇ, ಆ ಋಣ ಇದೆ. ಔಷಧ ಮಬ್ಬಾಗಿರುತ್ತದೆ, ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬೆರೆಸಬೇಕು. ಬಾಟಲಿ 40ರದ್ದಾದರೆ (ಒಂದು ಮಿ.ಲೀ.ಗೆ 40 ಯೂನಿಟ್) ಕೆಂಪು ಮುಚ್ಚಳದ 40ರ ಸಿರಿಂಜೇ ಆಗಬೇಕು. 100ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ಮೈಗೆ ಹೋಗುವ ಔಷಧ ಅರ್ಧಕ್ಕಿಂತ ಕಡಿಮೆ. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಅಲ್ಲಿ ಗಂಟು ಕಟ್ಟುತ್ತದೆ, ಔಷಧ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಹೊಟ್ಟೆ, ತೊಡೆ ಅಂತ ಜಾಗ ಬದಲಿಸಬೇಕು. ಇವೆಲ್ಲ ಕೈಗೆ ಒಗ್ಗಿಬಿಡುತ್ತವೆ. ಒಗ್ಗದ್ದು ಗಡಿಯಾರ. ಚುಚ್ಚಿಕೊಂಡ ಮೇಲೆ ಸೊಪ್ಪಿನ ಗಾಡಿ ಬಂತೆಂದು ಎದ್ದು ಹೋದರೆ ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಹೆಂಡತಿ ಮೇಲೆ ವಿನಾಕಾರಣ ರೇಗಾಟ. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು-ನಾಲ್ಕು ಚಿಕ್ಕ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು.

ಆಮೇಲೆ ಪರೀಕ್ಷೆ ಮಾಡಿಸಿದ ಡಾಕ್ಟರು, ನಿಮ್ಮ ಮೈಯಲ್ಲಿ ಇನ್ನೂ ಇನ್ಸುಲಿನ್ ಹುಟ್ಟುತ್ತಿದೆ ಅಂತ ಲಿರಾಗ್ಲುಟೈಡ್ ಪೆನ್ನಿಗೆ ಬದಲಿಸಿದರು. ನಮ್ಮ ಅತ್ತಿಗೆಗೆ ಹುಟ್ಟುವುದೇ ನಿಂತಿರುವುದರಿಂದ ಅವರಿಗೆ ಬಾಟಲಿ ತಪ್ಪಲಿಲ್ಲ. ಯಾರೂ ತಾವೇ ಇನ್ಸುಲಿನ್ ನಿಲ್ಲಿಸುವಂತಿಲ್ಲ.

ಈ ಪೆನ್ನು ದಿನಕ್ಕೊಂದು ಸಲ. ಊಟಕ್ಕೂ ಅದಕ್ಕೂ ಗಂಟು ಹಾಕಬೇಕಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಬಿಡುಗಡೆಗೆ ಒತ್ತು ಕೊಡುವುದರಿಂದ ಊಟ ತಡವಾದರೂ ಸಾಮಾನ್ಯವಾಗಿ ಶುಗರ್ ಲೋ ಆಗುವುದಿಲ್ಲ. ಸಕ್ಕರೆ ಏರದಿದ್ದರೂ ಇನ್ಸುಲಿನ್ ಬಿಡಿಸುವ ಗ್ಲಿಮಿಪಿರೈಡ್ ಮಾತ್ರೆಯೂ ಜೊತೆಗಿದ್ದರೆ ಆ ಧೈರ್ಯ ಬೇಡ. ಆದರೆ ಹೊಟ್ಟೆಯ ಕಥೆಯೇ ಬೇರೆ. ತಿಂದದ್ದು ಬೇಗ ಕೆಳಗಿಳಿಯುವುದಿಲ್ಲ. 0.6 ಮಿಲಿಗ್ರಾಂನ ಮೊದಲ ವಾರ ಹೇಗೋ ಕಳೆಯಿತು, 1.2ಕ್ಕೆ ಏರಿಸಿದಾಗ ಹಿದಕಬೇಳೆ ಸಾರಿನ ಘಮಕ್ಕೇ ಹೊಟ್ಟೆ ತೊಳಸಿತು. ಹಿದಕಬೇಳೆಗೆ! ಮುದ್ದೆ ಅರ್ಧಕ್ಕಿಳಿಯಿತು, ಎಣ್ಣೆ ಪದಾರ್ಥ ದೂರವಾಯಿತು, ಮಲಬದ್ಧತೆ ಜೊತೆಯಾಯಿತು. ನಿಧಾನವಾಗಿ, ಹೊಟ್ಟೆ ಸಾಕೆನ್ನುವ ಮುಂಚೆಯೇ ಕೈ ತೊಳೆದರೆ ತಡೆಯಬಹುದು. ತೂಕ ಇಳಿದದ್ದು ಲಾಭ.

ವಾರದ ಡ್ಯೂಲಾಗ್ಲುಟೈಡ್ ಇದೇ ಜಾತಿಯದು, ಹೊಟ್ಟೆ ತೊಳಸುವುದೂ ಅದೇ. ನನಗೆ ಚುಚ್ಚಿದ ಮಾರನೆಯ ದಿನ ಹೆಚ್ಚು, ಆಮೇಲೆ ಇಳಿಮುಖ. ಸೂಜಿ ಕಾಣುವುದೇ ಇಲ್ಲ: ಚರ್ಮಕ್ಕೆ ಒತ್ತಿ ಗುಂಡಿ ಅದುಮಿದರೆ ಒಂದು ಕ್ಲಿಕ್, ಎರಡನೇ ಕ್ಲಿಕ್ ಕೇಳುವವರೆಗೆ ತೆಗೆಯಬಾರದು. ದಿನದ ಪೆನ್ನಿಗೆ ಪ್ರತಿಸಲ ಹೊಸ ಸೂಜಿ ಸಿಕ್ಕಿಸುವ ಕೆಲಸ ಇಲ್ಲಿಲ್ಲ. ಮರೆತರೆ, ಮುಂದಿನ ಡೋಸಿಗೆ ಮೂರು ದಿನವಾದರೂ ಉಳಿದಿದ್ದರೆ ತಗೊಳ್ಳಬಹುದು, ಇಲ್ಲವಾದರೆ ಬಿಟ್ಟುಬಿಡಬೇಕು. ಒಂದು ತೊಡಕು: ದಿನದ್ದು ಮೈಗೆ ಒಗ್ಗದಿದ್ದರೆ ಬೇಗ ಇಳಿದುಹೋಗುತ್ತದೆ, ವಾರದ್ದು ಒಳಗೆ ಹೋದ ಮೇಲೆ ದಿನಗಟ್ಟಲೆ ಜೊತೆಗಿರುತ್ತದೆ.

ಎರಡರಲ್ಲೂ ತಡೆಯಲಾರದ ಹೊಟ್ಟೆನೋವು ಬೆನ್ನಿಗೆ ಹಾಯ್ದರೆ ಮನೆಮದ್ದು ಮಾಡುತ್ತಾ ಕೂರಬಾರದು. ಮೇದೋಜೀರಕದ ಉರಿಯೂತ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಬೇಕು.

ನನ್ನ ಓಟು ವಾರದ್ದಕ್ಕೆ. ಹುಳ ಹಣ್ಣಾಗುವ ದಿನಕ್ಕೆ ತೊಳಸಾಟ ಬೀಳದ ಹಾಗೆ ಚುಚ್ಚಿಕೊಳ್ಳುವ ದಿನ ಗೊತ್ತುಮಾಡಿಕೊಳ್ಳಲು ಡಾಕ್ಟರೂ ಒಪ್ಪಿದರು. ಆದರೆ ಮೂರರಲ್ಲಿ ಅಗ್ಗ ಬಾಟಲಿಯೇ, ಅದರ ಹತ್ತಿರಕ್ಕೂ ಉಳಿದೆರಡು ಬರುವುದಿಲ್ಲ. ಗೂಡಿನ ರೇಟು ಬಿದ್ದ ತಿಂಗಳು ಏನು ಮಾಡುವುದೆಂದು ಮೊದಲೇ ಕೇಳಿಟ್ಟುಕೊಂಡಿದ್ದೇನೆ: ಸುಮ್ಮನೆ ನಿಲ್ಲಿಸದೆ ಬಂದು ಹೇಳಿ, ಸತತವಾಗಿ ಕೆಲವು ಡೋಸ್ ತಪ್ಪಿದರೆ ಮತ್ತೆ ಸಣ್ಣ ಡೋಸಿನಿಂದ ಹತ್ತಬೇಕಾದೀತು ಅಂದಿದ್ದಾರೆ.