ಎರಡಡಿಯ ಮೀನಿನ ಟ್ಯಾಂಕಿನಲ್ಲಿ ನಾಲ್ಕು ವರ್ಷ ಓಡಿದ ಜೋಡಿ ಸ್ಪಾಂಜ್ ಫಿಲ್ಟರ್

ಬಳಕೆ: 60×30×30 ಸೆಂ.ಮೀ. ಟ್ಯಾಂಕ್, ಮರಳು ಕಳೆದು ಸುಮಾರು 45 ಲೀಟರ್ ನೀರು. 8 ಎಂಬರ್ ಟೆಟ್ರಾ, 6 ಹಾರ್ಲೆಕ್ವಿನ್ ರಾಸ್ಬೋರಾ, 6 ಪಿಗ್ಮಿ ಕೋರಿ, ಒಂದಿಷ್ಟು ಚೆರ್ರಿ ಸಿಗಡಿ. ಬೋರ್‌ವೆಲ್ ನೀರಿಗೆ ಅರ್ಧಕ್ಕರ್ಧ ಆರ್‌ಒ ನೀರು ಬೆರೆಸಿದ್ದು. ಫಿಲ್ಟರ್‌ಗೆ 3 ವ್ಯಾಟ್‌ನ ಏರ್ ಪಂಪ್. ಅದರ ಗಾಳಿ ನಳಿಕೆಯಲ್ಲಿ ಗುಳ್ಳೆಯಾಗಿ ಏರುತ್ತ ಟ್ಯಾಂಕಿನ ನೀರನ್ನು ಎರಡು ಸ್ಪಾಂಜಿನ ಮೂಲಕ ಎಳೆಯುತ್ತದೆ.

ಇಂಥ ಪುಟ್ಟ ಮೀನುಗಳಿಗೆ ಸ್ಪಾಂಜ್ ಫಿಲ್ಟರೇ ಸರಿ. ಮರಿಗಳನ್ನಾಗಲಿ ಸಿಗಡಿಗಳನ್ನಾಗಲಿ ಎಳೆದುಕೊಳ್ಳುವುದಿಲ್ಲ. ಸಿಗಡಿಗಳಂತೂ ದಿನವಿಡೀ ಸ್ಪಾಂಜಿನ ಮೇಲೆ ಕೂತು ಮೇಯುತ್ತವೆ. ನಾಲ್ಕು ವರ್ಷದಲ್ಲಿ ಸ್ಪಾಂಜ್ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟಿದ್ದೆಲ್ಲ ಗಾಳಿಯ ದಾರಿ.

ನಳಿಕೆಯೊಳಗೆ ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ರಂಧ್ರದ ಕಲ್ಲು) ಹಾಕಿದರೆ ಗುಳ್ಳೆ ಸಣ್ಣದಾಗಿ ಸದ್ದು ಕಡಿಮೆಯಾಗುತ್ತದೆ, ನೀರೂ ಚೆನ್ನಾಗಿ ಏರುತ್ತದೆ. ಆದರೆ ಗಡಸು ನೀರಿನಲ್ಲಿ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಸುಣ್ಣ ಕಟ್ಟುತ್ತದೆ. ಗಾಳಿ ಹೋಗಲು ದಾರಿಯಿಲ್ಲದೆ ಪಂಪ್ ತಿಣುಕುತ್ತದೆ, ಮೈ ಬಿಸಿಯಾಗುತ್ತದೆ, ಸದ್ದು ದಪ್ಪವಾಗುತ್ತದೆ. ಹಾಗೇ ಬಿಟ್ಟರೆ ಒಳಗೆ ಗಾಳಿ ತಳ್ಳುವ ರಬ್ಬರ್ ಪೊರೆ, ಅಂದರೆ ಡಯಾಫ್ರಾಮ್, ಹರಿಯುತ್ತದೆ. ಪಂಪ್ ಕಳಪೆ ಎಂದು ಬೈದು ಹೊಸದು ತಂದು ಅದೇ ಕಲ್ಲಿಗೆ ಜೋಡಿಸುವವರು ಎಷ್ಟೋ ಮಂದಿ. ಆ ಹೊಸ ಪಂಪಿಗೂ ಅದೇ ಗತಿ. ಎರಡು ತಿಂಗಳಿಗೊಮ್ಮೆ ಕಲ್ಲನ್ನು ತೆಗೆದು, ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ತೊಳೆದು ಬಾಯಿಂದ ಊದಿ ನೋಡಿ. ಸಲೀಸಾಗಿ ಗಾಳಿ ಹೋಗದಿದ್ದರೆ ಎಸೆಯಿರಿ. ಆವಿಯಾಗಿ ಇಳಿದ ನೀರನ್ನು ಆರ್‌ಒ ನೀರಿನಿಂದಲೇ ತುಂಬಿಸಿದರೆ ಸುಣ್ಣವೂ ನಿಧಾನಕ್ಕೆ ಕಟ್ಟುತ್ತದೆ, ಏಕೆಂದರೆ ಆವಿಯಾಗುವುದು ನೀರು ಮಾತ್ರ, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ.

ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಟ್ಯೂಬಿಗೆ ಒಂದೇ ದಿಕ್ಕಿಗೆ ಗಾಳಿ ಬಿಡುವ ಚೆಕ್ ವಾಲ್ವ್ ಬೇಕೇ ಬೇಕು. ಇಲ್ಲದಿದ್ದರೆ ಕರೆಂಟ್ ಹೋದಾಗ ಟ್ಯಾಂಕಿನ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯಬಹುದು. ಬಾಯಿಂದ ಊದಿ, ಗಾಳಿ ಹೋಗುವ ದಿಕ್ಕು ಟ್ಯಾಂಕಿನ ಕಡೆ ಇರುವಂತೆ ಜೋಡಿಸಿ. ಎರಡೂ ಕಡೆಯಿಂದ ಗಾಳಿ ಹೋದರೆ ಆ ವಾಲ್ವ್ ಕೆಟ್ಟಿದೆ.

ಹೊಸ ಸ್ಪಾಂಜ್ ತೇಲುತ್ತದೆ. ನೀರಿನೊಳಗೇ ಹಿಡಿದು ಗುಳ್ಳೆ ನಿಲ್ಲುವ ತನಕ ಹಿಂಡಬೇಕು. ಮೀನಿನ ಹೊಲಸಿನಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವ ತನಕ ಮೀನು ಬಿಡಬೇಡಿ. ಜೋಡಿ ಫಿಲ್ಟರಿನ ದೊಡ್ಡ ಲಾಭ ಇಲ್ಲೇ ಇದೆ: ಪಳಗಿದ ಒಂದು ಸ್ಪಾಂಜ್ ಕಿತ್ತು ಹೊಸ ಟ್ಯಾಂಕಿಗೆ ಇಟ್ಟರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕಾಯುವ ದಿನ ಬಹಳ ಕಡಿಮೆಯಾಗುತ್ತದೆ.

ತೊಳೆಯುವುದು ಹದಿನೈದು ದಿನಕ್ಕೆ ಒಂದು ಸ್ಪಾಂಜ್ ಮಾತ್ರ, ಇನ್ನೊಂದು ಮುಂದಿನ ಸರದಿಗೆ. ಬಿಚ್ಚುವ ಮೊದಲು ಪಂಪ್ ನಿಲ್ಲಿಸಿ, ಪ್ಲಾಸ್ಟಿಕ್ ಕವರನ್ನು ನೀರಿನೊಳಗೇ ಸ್ಪಾಂಜಿಗೆ ತೊಡಿಸಿ ಮೇಲೆತ್ತಿ. ಇಲ್ಲವಾದರೆ ತಿಂಗಳ ಗಲೀಜೆಲ್ಲ ಟ್ಯಾಂಕಿನಲ್ಲಿ ಕದಡುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಮೂರ್ನಾಲ್ಕು ಸಲ ಹಿಂಡಿದರೆ ಸಾಕು. ಕ್ಲೋರಿನ್ ಹಾಕಿದ ನೀರು ಬರುವ ನಲ್ಲಿಯ ಕೆಳಗೆ ಹಿಡಿದು ಬಿಳಿಯಾಗುವ ತನಕ ತೊಳೆದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ, ಅಮೋನಿಯ ಏರಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಬೋರ್‌ವೆಲ್ ನೀರಿನ ಪಿಎಚ್ ಹೆಚ್ಚಿದ್ದರೆ ಅದೇ ಅಮೋನಿಯ ಇನ್ನೂ ವಿಷ.

ಕೊರತೆಗಳಿಲ್ಲವೆಂದಲ್ಲ. ನೀರಿನಲ್ಲಿ ತೇಲುವ ನವಿರಾದ ದೂಳನ್ನು ಇದು ಪೂರ್ತಿ ಹಿಡಿಯುವುದಿಲ್ಲ, ಕನ್ನಡಿಯಂಥ ನೀರು ಬೇಕೆನ್ನುವವರಿಗೆ ತೃಪ್ತಿಯಾಗದು. ಟ್ಯಾಂಕಿನ ಮೂಲೆಯಲ್ಲಿ ಕಪ್ಪಗೆ ಎದ್ದು ಕಾಣುತ್ತದೆ. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವವರು ಇದನ್ನು ಕೊಳ್ಳಬೇಡಿ, ಗುಳ್ಳೆಗಳು ನೀರಿನ ಮೇಲ್ಮೈ ಕಲಕಿ ಅನಿಲವನ್ನು ಹೊರಹಾಕುತ್ತವೆ. ಗೋಲ್ಡ್‌ಫಿಶ್‌ಗೂ, ಪಶ್ಚಿಮ ಘಟ್ಟದ ರಭಸದ ಹೊಳೆಗಳಲ್ಲಿ ಬೆಳೆಯುವ ಮಿಸ್ ಕೇರಳ ಮೀನಿಗೂ ಇದೊಂದೇ ಸಾಲದು. ಅವುಗಳಿಗೆ ಈ ಅಳತೆಯ ಟ್ಯಾಂಕೂ ಸಾಲದು.

ಕರೆಂಟ್ ಹೋದಾಗ ಇದರ ಗುಣ ಗೊತ್ತಾಗುತ್ತದೆ. ಟ್ಯಾಂಕಿನ ಹೊರಗೆ ಡಬ್ಬಿಯಂತೆ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ನಿಂತ ನೀರಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಸ್ಪಾಂಜ್ ಟ್ಯಾಂಕಿನ ನೀರಿನಲ್ಲೇ ತೆರೆದಿರುವುದರಿಂದ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಬದುಕುತ್ತವೆ. 3 ವ್ಯಾಟ್‌ನ ಪಂಪ್ ಮನೆಯ ಇನ್ವರ್ಟರಿಗೆ ಭಾರವೇ ಅಲ್ಲ, ಆ ಲೈನಿಗೇ ಹಾಕಿಬಿಡಿ. ಪಂಪ್ ಕೊಳ್ಳುವಾಗ ಡಯಾಫ್ರಾಮ್ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ, ಸಿಕ್ಕರೆ ಒಂದು ಜೊತೆ ಆಗಲೇ ತಂದಿಟ್ಟುಕೊಳ್ಳಿ.